ಗಡಿಯಾರ ನೋಡದ ಜೂಡೋ ಮೇಷ್ಟ್ರು

ಆ ಹಳೇ ಜೂಡೋ ಮ್ಯಾಟಿಗೆ ನಾನು ಕೊಟ್ಟದ್ದು ಮುನ್ನೂರು ರೂಪಾಯಿ. ಗುಬ್ಬಿಯ ಗುಜರಿಯವನು ಐನೂರು ಹೇಳಿದ್ದ. "ಸತ್ತೋರ ಸಾಮಾನಿಗೂ ಚೌಕಾಸಿ ಮಾಡ್ತೀರಲ್ರೀ" ಎಂದು ಹೆಂಡತಿ ಬೈದಳು. ಮಾಡಿದೆ, ಯಾಕೆ ಮಾಡಬಾರದು? ಅಂಚಿನ ಹೊಲಿಗೆ ಬಿಟ್ಟಿತ್ತು, ಒಂದು ಮೂಲೆಯನ್ನು ಇಲಿ ಕಡಿದಿತ್ತು, ನಡುವೆ ಫೋಮು ಸತ್ತುಹೋಗಿತ್ತು. ಹಿಂಬದಿಯಲ್ಲಿ ನನ್ನದೇ ಅಂಗಡಿಯ ಸೀಲು ಅರ್ಧ ಅಳಿಸಿ ಉಳಿದಿತ್ತು. ನಾನೇ ಮಾಡಿಸಿ ನಾನೇ ಮಾರಿದ ಮಾಲನ್ನು ದುಡ್ಡು ಕೊಟ್ಟು ವಾಪಸ್ ಕೊಂಡ ದಡ್ಡ ವ್ಯವಹಾರ ನನ್ನ ಜನ್ಮದಲ್ಲಿ ಇದೊಂದೇ. ಅಲ್ಲೇ ಬಿಟ್ಟಿದ್ದರೆ ಅವನು ರೆಕ್ಸಿನ್ ಸುಲಿದು, ಒಳಗಿನದನ್ನು ಹರಿದು ಯಾವುದೋ ಆಟೋ ಸೀಟಿಗೆ ತುಂಬುತ್ತಿದ್ದ. ಆ ಮ್ಯಾಟಿನ ಮೇಲೆ ಒಬ್ಬಳು ಹುಡುಗಿ ವರ್ಷಗಟ್ಟಲೆ ಬಿದ್ದು ಬಿದ್ದು ಕಲಿತಿದ್ದಳು. ಕಲಿಸಿದ ಮೇಷ್ಟ್ರು ಈಗಿಲ್ಲ. ಅದಕ್ಕೇ ಕೊಂಡೆ.

ನನ್ನದು ತುಮಕೂರಿನಲ್ಲಿ ಫೋಮು, ರೆಕ್ಸಿನ್, ಟಾರ್ಪಾಲಿನ ಅಂಗಡಿ. ಸ್ಕೂಟರ್ ಸೀಟಿಗೆ ಕವರ್ ಹೊಲಿಯುತ್ತ ಶುರು ಮಾಡಿದವನು. ಈಗ ಹಿರೇಹಳ್ಳಿಯಲ್ಲಿ ಸಣ್ಣದೊಂದು ಶೆಡ್ಡು, ಮೂರು ಮೆಷಿನ್ನು. ಗಿರಾಕಿ ಒಳಗೆ ಕಾಲಿಡುವಾಗಲೇ ಅವನು ಯಾವ ರೇಟಿಗೆ ಇಳಿಯುತ್ತಾನೆ ಅಂತ ಹೇಳಬಲ್ಲೆ. ಆ ಲೆಕ್ಕ ತಪ್ಪಿದ್ದು ಮೇಷ್ಟ್ರ ವಿಷಯದಲ್ಲಿ.

ಅವರು ಮೊದಲ ಸಲ ಬಂದಾಗ ಅಂಗಡಿ ತುಂಬ ಜನ. ಕುಳ್ಳು ದೇಹ, ಗಿಡ್ಡ ಕತ್ತು, ಇಸ್ತ್ರಿ ಮಾಡಿದ ಅರ್ಧತೋಳಿನ ಅಂಗಿ. ಪಿ.ಟಿ. ಮೇಷ್ಟ್ರ ಕತ್ತಿನಲ್ಲಿ ಸೀಟಿ ಇರುವುದು ವಾಡಿಕೆ. ಇವರ ಕತ್ತಿನ ದಾರದಲ್ಲಿ ನೇತಾಡುತ್ತಿದ್ದದ್ದು ಉಗುರು ಕತ್ತರಿಸುವ ಕಟರ್. ಗುಬ್ಬಿಯಲ್ಲಿ ಮಕ್ಕಳಿಗೆ ಜೂಡೋ ಹೇಳಿಕೊಡುತ್ತೇನೆ, ಮ್ಯಾಟ್ ಬೇಕು ಎಂದರು. ನಾನು ಅಂಗಡಿಯಲ್ಲಿ ಎಲ್ಲಕ್ಕಿಂತ ಮೆತ್ತಗಿರುವ, ಎಲ್ಲಕ್ಕಿಂತ ದುಬಾರಿ ಫೋಮನ್ನು ಕೆಳಗೆ ಹಾಸಿ, "ಮಕ್ಕಳು ಬೀಳೋದಲ್ವಾ ಸಾರ್, ಹತ್ತಿ ಮೇಲೆ ಬಿದ್ದಂಗಿರ್ತದೆ" ಎಂದೆ.

"ಸ್ವಲ್ಪ ಜಾಗ ಬಿಡಿ" ಎಂದು ಅವರು ಗಿರಾಕಿಗಳನ್ನು ಪಕ್ಕಕ್ಕೆ ಸರಿಸಿದರು. ಚಪ್ಪಲಿ ಬಿಟ್ಟು ಫೋಮಿನ ತುದಿಯಲ್ಲಿ ನಿಂತರು. ಏನು ಮಾಡುತ್ತಾರೆ ಅಂತ ಗೊತ್ತಾಗುವ ಮೊದಲೇ ಹಿಂದಕ್ಕೆ ಧಡ್ ಎಂದು ಬಿದ್ದು, ಎರಡೂ ಅಂಗೈಯಲ್ಲಿ ನೆಲ ಬಡಿದರು. ಕರ್ಟನ್ ಬಟ್ಟೆ ನೋಡುತ್ತಿದ್ದ ಒಬ್ಬ ಹೆಂಗಸು "ಅಯ್ಯೋ ಶಿವನೇ, ಫಿಟ್ಸು, ಕಬ್ಬಿಣ ಕೊಡ್ರೀ ಕೈಗೆ" ಎಂದು ಕೂಗಿಕೊಂಡಳು. ಮೇಷ್ಟ್ರು ಮಲಗಿದಲ್ಲಿಂದಲೇ ನನ್ನ ಕಡೆ ನೋಡಿ, "ಇದು ಬೇಡ. ಮೆತ್ತಗಿದೆ. ಕಾಲು ಹೂತ್ಕೊಂಡ್ರೆ ಪಾದದ ಗಂಟು ತಿರುಚ್ಕೊಳ್ತದೆ" ಎಂದರು. ಹೀಗೆ ಆರು ಥರದ ಫೋಮಿನ ಮೇಲೆ ಬಿದ್ದು, ಕೊನೆಗೆ ಚೂರುಗಳನ್ನು ಒತ್ತಿ ಮಾಡಿದ ಗಟ್ಟಿ ಹಾಳೆಯೊಂದನ್ನು ಆರಿಸಿದರು. ಅಂಗಡಿಯಲ್ಲಿ ಅಗ್ಗದ್ದು ಅದೇ.

ರೇಟು ಹೇಳಿದೆ. "ಆಯ್ತು" ಎಂದರು. ಚೌಕಾಸಿ ಮಾಡದ ಗಿರಾಕಿಯನ್ನು ಕಂಡರೆ ನನಗೆ ಕೈಕಾಲು ಆಡುವುದಿಲ್ಲ. ನಾನೇ ಇಳಿಸಿದೆ. ಅದಕ್ಕೂ "ಆಯ್ತು" ಎಂದರು. ಬಿಲ್ಲಿಗೆ ಸಹಿ ಹಾಕಿಸಿಕೊಳ್ಳುವಾಗ ನನ್ನ ಕೈಯನ್ನೇ ನೋಡುತ್ತಿದ್ದವರು ಕತ್ತಿನ ದಾರ ತೆಗೆದು ಕಟರನ್ನು ಮುಂದೆ ಹಿಡಿದರು. "ಸಾವ್ಕಾರ್ರೇ, ಉಗುರು ಬೆಳ್ದವೆ." ಗಲ್ಲಾದ ಮೇಲೆ ಕೂತು, ಗಿರಾಕಿಗಳ ಎದುರಿಗೆ, ಮಗುವಿನ ಹಾಗೆ ನಾನು ಉಗುರು ಕತ್ತರಿಸಿಕೊಂಡೆ. ಇವತ್ತಿಗೂ ಉಗುರು ಸ್ವಲ್ಪ ಬೆಳೆದರೆ ಯಾರೋ ನೋಡುತ್ತಿದ್ದಾರೆ ಅನ್ನಿಸುತ್ತದೆ.

ಅವರ ಕ್ಲಾಸು ನಡೆಯುತ್ತಿದ್ದದ್ದು ಗುಬ್ಬಿಯ ಒಂದು ಹಳೆಯ ಮಂಡಿ ಗೋಡೌನಿನಲ್ಲಿ. ಕೊಬ್ಬರಿಯ ವಾಸನೆ ಗೋಡೆಗೇ ಹತ್ತಿಕೊಂಡಿತ್ತು. ಒಳಗೆ ಯಾರೂ ಇರದಿದ್ದರೂ ಬಾಗಿಲಲ್ಲಿ ನಿಂತು, ಕೈಯನ್ನು ತೊಡೆಗೆ ಅಂಟಿಸಿ, ಸೊಂಟದಿಂದ ಬಗ್ಗಿ ನಮಸ್ಕಾರ ಮಾಡಿಯೇ ಒಳಗೆ ಹೋಗುತ್ತಿದ್ದರು. ಮಕ್ಕಳ ಕೈ ಉಗುರು, ಕಾಲು ಉಗುರು ನೋಡಿದ ಮೇಲೇ ಪಾಠ. ತಿಂಗಳುಗಟ್ಟಲೆ ಬರೀ ಬೀಳುವುದು. ಹಿಂದಕ್ಕೆ, ಪಕ್ಕಕ್ಕೆ, ಮುಂದಕ್ಕೆ ಉರುಳಿ. ಒಬ್ಬ ತಂದೆ ತಾಳಲಾರದೆ ಬಂದು ಕೇಳಿದ:

"ಏನ್ಸಾರ್, ಆರ್ ತಿಂಗ್ಳಿಂದ ನಮ್ಮುಡುಗ ಬರೀ ಬೀಳ್ತಾನೇ ಅವ್ನೆ. ಎದ್ದೇಳೋದು ಯಾವಾಗ ಹೇಳ್ಕೊಡ್ತೀರಾ?"

"ಅದು ನಾನು ಹೇಳ್ಕೊಡಲ್ಲ. ಹೊಟ್ಟೆ ಹಸಿದ್ರೆ ತಾನೇ ಎದ್ದೇಳ್ತಾನೆ."

ಆ ತಂದೆ ಮಗನನ್ನು ಬಿಡಿಸಿ ಕರಾಟೆಗೆ ಸೇರಿಸಿದ. ಅಲ್ಲಿ ಮೂರೇ ತಿಂಗಳಿಗೆ ಬಣ್ಣದ ಬೆಲ್ಟು ಕೊಟ್ಟರಂತೆ. ನಾನು ಮೇಷ್ಟ್ರಿಗೆ ಹೇಳಿದೆ: ಸಾರ್, ಗಿರಾಕಿಗೆ ಏನಾದರೂ ಕೈಗೆ ಕೊಡಬೇಕು, ಕೈ ಖಾಲಿ ಕಳಿಸಿದರೆ ಮತ್ತೆ ಬರಲ್ಲ. ಅವರು "ಹೂಂ" ಎಂದರು. ಅವರ "ಹೂಂ" ಅಂದರೆ ಕೇಳಿಸಿತು ಅಂತಷ್ಟೇ ಅರ್ಥ, ಒಪ್ಪಿದೆ ಅಂತಲ್ಲ. ಅದು ತಿಳಿಯಲು ನನಗೆ ಬಹಳ ಕಾಲ ಬೇಕಾಯಿತು.

ಪಾಠದ ಕೊನೆಯಲ್ಲಿ ಅವರದೊಂದು ಪದ್ಧತಿ ಇತ್ತು. ಮುಂದಿನದೆಲ್ಲ ಇದರ ಮೇಲೇ ನಿಂತಿರುವುದರಿಂದ ಬಿಡಿಸಿ ಹೇಳುತ್ತೇನೆ. ಜೂಡೋದಲ್ಲಿ ಎದುರಾಳಿಯ ತೋಳನ್ನು ಎರಡು ತೊಡೆಗಳ ನಡುವೆ ಸಿಕ್ಕಿಸಿ, ಮೊಣಕೈಯನ್ನು ಉಲ್ಟಾ ಬಾಗಿಸುವ ಪಟ್ಟು ಇದೆ. ಸಿಕ್ಕಿಬಿದ್ದವರು ತಡೆಯಲಾಗದಿದ್ದರೆ ಅಂಗೈಯಿಂದ ಎರಡು ಸಲ ತಟ್ಟಬೇಕು. ತಟ್ಟಿದರೆ ಸೋತಂತೆ, ಎದುರಾಳಿ ತಕ್ಷಣ ಬಿಡುತ್ತಾರೆ. ತಟ್ಟದಿದ್ದರೆ ಕೀಲು ಹೋಗುತ್ತದೆ. ದಿನಾ ಸಂಜೆ ಮೇಷ್ಟ್ರು ಮಕ್ಕಳನ್ನು ಜೋಡಿ ಜೋಡಿಯಾಗಿ ಮಲಗಿಸಿ ಈ ಪಟ್ಟನ್ನು ಸಡಿಲವಾಗಿ ಹಾಕಿಸುತ್ತಿದ್ದರು. ತಾವು ಗೋಡೆಯ ಕಡೆ ಮುಖ ಮಾಡಿ ನಿಂತು, ಯಾವಾಗಲೋ ಒಮ್ಮೆ, "ತಟ್ಟು!" ಎನ್ನುತ್ತಿದ್ದರು. ನೋವಿರಲಿ ಇಲ್ಲದಿರಲಿ ಅಷ್ಟೂ ಕೈಗಳು ಒಟ್ಟಿಗೆ ತಟ್ಟಬೇಕು. ಒಂದು ಕೈ ತಡವಾದರೂ ಎಲ್ಲರೂ ಮತ್ತೆ ಮೊದಲಿಂದ.

"ನೋವೇ ಇಲ್ದಾಗ ಯಾಕೆ ಸಾರ್ ತಟ್ಟಬೇಕು?" ಎಂದು ಕೇಳಿದ್ದೆ.

"ನೋವಾದಾಗ ಮನುಷ್ಯ ಯೋಚ್ನೆ ಮಾಡ್ತಾನೆ ಸಾವ್ಕಾರ್ರೇ. ಯೋಚ್ನೆ ಮಾಡಿದೋನು ತಟ್ಟಲ್ಲ. ಅದಕ್ಕೇ ನಾನು ತಲೆಗೆ ಹೇಳ್ಕೊಡ್ತಿಲ್ಲ, ಕೈಗೆ ಹೇಳ್ಕೊಡ್ತಿದೀನಿ."

ಹಾಗೆ ಕಲಿತ ಕೈಗಳಲ್ಲಿ ಎಲ್ಲಕ್ಕಿಂತ ಚುರುಕಾದದ್ದು ಪವಿತ್ರಳದು. ಗುಬ್ಬಿಯ ಹತ್ತಿರದ ಹಳ್ಳಿ. ತಾಯಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಹೋಗುತ್ತಿದ್ದರು. ತೆಳ್ಳಗಿನ ಹುಡುಗಿ, ಬಾಯಿ ಜೋರು. ನಾನು ಮ್ಯಾಟ್ ರಿಪೇರಿಗೆ ಹೋದಾಗ, "ಅಣ್ಣ, ಮಾರ್ಬೇಕಾದ್ರೆ ಗಟ್ಟಿ ಐತೆ ಅಂತೀರ, ಹೊಲಿಗೆ ನೋಡಿದ್ರೆ ನಮ್ಮಜ್ಜಿ ಕೌದಿ ಥರ ಐತೆ" ಎಂದು ಎಲ್ಲರ ಮುಂದೆ ಮಾನ ಕಳೆದಿದ್ದಳು. ಮೇಷ್ಟ್ರು ನಕ್ಕದ್ದನ್ನು ನಾನು ನೋಡಿದ್ದು ಆಗಲೇ.

ಭಾನುವಾರ ಅವರು ಕುಣಿಗಲ್ಲಿಗೆ ಹೋಗುತ್ತಿದ್ದರು. ಆ ಕಡೆ ನನಗೂ ವಸೂಲಿ ಇರುತ್ತಿದ್ದುದರಿಂದ ಎಷ್ಟೋ ಸಲ ನನ್ನ ಗಾಡಿಯಲ್ಲೇ ಕರೆದುಕೊಂಡು ಹೋಗಿದ್ದೇನೆ. ಅಲ್ಲಿ ಸಿದ್ದಪ್ಪ ಎಂಬುವರ ಸಣ್ಣ ದಿನಸಿ ಅಂಗಡಿ. ಗಾಡಿ ನಿಲ್ಲುತ್ತಿದ್ದ ಹಾಗೆ ಒಳಗಿನಿಂದ ಕೂಗು ಬರುತ್ತಿತ್ತು:

"ಬಂದ್ಯೇನ್ಲಾ ಕೈಮುರುಕ! ಬಾ ಬಾ, ಬೆಲ್ಲದ ಮೂಟೆ ನಿನ್ನೇ ಕಾಯ್ತಾ ಐತೆ."

ಮೇಷ್ಟ್ರು ಮಾತಾಡದೆ ಅಂಗಿ ಬಿಚ್ಚಿ, ಬನಿಯನ್ನಿನಲ್ಲಿ, ಆ ವಾರ ಬಂದ ಮೂಟೆಗಳನ್ನೆಲ್ಲ ಇಳಿಸಿ ಒಳಗೆ ಜೋಡಿಸುತ್ತಿದ್ದರು. ಆಮೇಲೆ ಇಬ್ಬರೂ ಕಾಫಿ ಕುಡಿಯುತ್ತಿದ್ದರು. ಸಿದ್ದಪ್ಪ ಲೋಟವನ್ನು ಎಡಗೈಯಲ್ಲಿ ಹಿಡಿಯುತ್ತಿದ್ದರು. ಬಲಗೈ ಮೊಣಕೈಯಲ್ಲಿ ಬಾಗಿದ್ದು ಹಾಗೇ ನಿಂತುಬಿಟ್ಟಿತ್ತು, ಕಂಕುಳಲ್ಲಿ ಏನೋ ಇಟ್ಟುಕೊಂಡವರ ಹಾಗೆ. ಕೈ ಮುರಿದಿರುವುದು ಇವರದು, ಕೈಮುರುಕ ಅಂತ ಕರೆಯುವುದು ಅವರನ್ನು. ಇದೇನು ಲೆಕ್ಕ ಅಂತ ಒಂದು ದಿನ ವಾಪಸ್ ಬರುವಾಗ ಕೇಳಿದೆ.

ಮೇಷ್ಟ್ರು ಹೇಳಿದರು: "ಇಬ್ರೂ ಒಟ್ಟಿಗೆ ಪ್ರಾಕ್ಟೀಸ್ ಮಾಡ್ತಿದ್ವಿ. ಇಬ್ರಲ್ಲಿ ಒಬ್ರಿಗೇ ಟೀಮಲ್ಲಿ ಜಾಗ. ಕೈ ಸಿಕ್ತು. ಅವನು ತಟ್ತಾನೆ ಅಂತ ನಾನು ಕಾದೆ. ನಾನು ಬಿಡ್ತೀನಿ ಅಂತ ಅವನು ಕಾದ."

ಅಷ್ಟೇ. ತುಮಕೂರಿನಲ್ಲಿ ಇಳಿಯುವಾಗ, "ಹಸಿ ಬೊಂಬು ಸೀಳಿದಂಗೆ ಸದ್ದಾಯ್ತು" ಎಂದರು.

ವಿಭಾಗ ಮಟ್ಟದ ಕ್ರೀಡಾಕೂಟ ಆ ವರ್ಷ ತುಮಕೂರಿನಲ್ಲೇ ನಡೆಯಿತು. ಹೊರಗೆ ಮೈದಾನದಲ್ಲಿ ಕಬಡ್ಡಿ, ಖೋಖೋ, ಓಟ. ಮೈಕಿನವನ ಗಂಟಲು ಅಷ್ಟೂ ಆ ಕಡೆಗೇ. ಜೂಡೋವನ್ನು ಒಳಾಂಗಣದಲ್ಲಿ, ಷಟಲ್ ಕೋರ್ಟಿನ ಗೆರೆಗಳ ಮೇಲೆ ಮ್ಯಾಟ್ ಜೋಡಿಸಿ ಇಟ್ಟಿದ್ದರು. ನೋಡಲು ಬಂದವರು ಆಡುವವರ ಮನೆಯವರು ಮಾತ್ರ, ಜೊತೆಗೆ ಬಿಸಿಲು ತಪ್ಪಿಸಿಕೊಳ್ಳಲು ಬಂದ ಒಂದಿಬ್ಬರು ಪೊಲೀಸರು. ಮ್ಯಾಟಿನ ಸಂದಿಗೆ ಹಾಕುವ ಟೇಪು ನನ್ನ ಅಂಗಡಿಯದು, ಹಾಗಾಗಿ ನನಗೆ ಮುಂದಿನ ಸಾಲಿನಲ್ಲಿ ಕುರ್ಚಿ.

ಪವಿತ್ರಳಿಗೆ ಅದು ಕೊನೆಯ ಅವಕಾಶ. ಮುಂದಿನ ವರ್ಷಕ್ಕೆ ವಯಸ್ಸು ಮೀರುತ್ತಿತ್ತು. ಮೊದಲು ಬಂದವರು ಮಾತ್ರ ರಾಜ್ಯದ ತಂಡಕ್ಕೆ, ತಂಡಕ್ಕೆ ಹೋದವರಿಗೆ ಬೆಂಗಳೂರಿನ ಕ್ರೀಡಾ ಹಾಸ್ಟೆಲಿನಲ್ಲಿ ಸೀಟು, ಊಟ, ಕಾಲೇಜು. ಎರಡನೆಯವರಿಗೆ ಒಂದು ಪದಕ, ಒಂದು ಸರ್ಟಿಫಿಕೇಟು. ಸೋತರೆ ಅವಳಿಗೆ ಉಳಿದಿದ್ದದ್ದು ಊರಿನ ಬೇರೆ ಹುಡುಗಿಯರ ಹಾಗೆ ಬೆಳಿಗ್ಗೆ ವಸಂತನರಸಾಪುರದ ಫ್ಯಾಕ್ಟರಿ ವ್ಯಾನು. ಇದು ಅವಳಿಗೂ ಗೊತ್ತಿತ್ತು, ಮೇಷ್ಟ್ರಿಗೂ ಗೊತ್ತಿತ್ತು.

ಬೆಳಿಗ್ಗೆ ತೂಕದ ಸಮಯದಲ್ಲಿ ಸಣ್ಣ ರಗಳೆಯಾಯಿತು. ಅವಳ ಕೊರಳಲ್ಲಿ ತಾಯಿ ಕಟ್ಟಿದ ತಾಯತ. ಮ್ಯಾಟಿನ ಮೇಲೆ ಮೈಯಲ್ಲಿ ಏನೂ ಇರಬಾರದು ಎಂಬುದು ನಿಯಮ. ತಾಯಿ ಬಿಚ್ಚಲು ಒಪ್ಪಲಿಲ್ಲ. "ಮಠದ ಸ್ವಾಮ್ಗಳು ಕೈಯಾರ ಕೊಟ್ಟವ್ರೆ ಸಾರ್. ಇವತ್ತೇ ಬಿಚ್ಚು ಅಂತೀರಲ್ಲ!" ಮೇಷ್ಟ್ರು ತಾವೇ ಬಿಚ್ಚಿ, ಅಂಗಿಯ ಎಡ ಜೇಬಿಗೆ ಹಾಕಿಕೊಂಡು ಗುಂಡಿ ಹಾಕಿದರು. "ಇದು ನನ್ನ ಹತ್ರ ಇದ್ರೂ ಕೆಲ್ಸ ಮಾಡ್ತದೆ ಬಿಡಿ ತಾಯಿ" ಎಂದರು.

ಅವಳು ಫೈನಲ್ಲಿಗೆ ಬಂದಳು. ಎದುರಿಗೆ ಬೇರೆ ಜಿಲ್ಲೆಯ ಎತ್ತರದ ಹುಡುಗಿ. ಮೇಷ್ಟ್ರು ಮ್ಯಾಟಿನ ಪಕ್ಕದ ಕೋಚ್ ಕುರ್ಚಿಯಲ್ಲಿ ಕೂತರು. ಅಲ್ಲಿ ಒಂದು ಕಟ್ಟುನಿಟ್ಟಿನ ನಿಯಮ: ರೆಫ್ರಿ ಆಟ ನಿಲ್ಲಿಸಿದಾಗ ಮಾತ್ರ ಕೋಚು ಬಾಯಿ ಬಿಡಬಹುದು, ಆಟ ನಡೆಯುವಾಗ ಮಾತಾಡಿದರೆ ಎಬ್ಬಿಸಿ ಕಳಿಸುತ್ತಾರೆ. ಬೇರೆ ಕೋಚುಗಳು ಕೆಮ್ಮಿದ ಹಾಗೆ ಮಾಡಿ, ಟವೆಲ್ ಕೊಡವಿದ ಹಾಗೆ ಮಾಡಿ ಏನಾದರೂ ಹೇಳಿಯೇ ಹೇಳುತ್ತಿದ್ದರು. ನಮ್ಮ ಮೇಷ್ಟ್ರು ಆ ಕುರ್ಚಿಯಲ್ಲಿ ಕೂತರೆ ಕಲ್ಲು. ಅಷ್ಟು ವರ್ಷಗಳಲ್ಲಿ ಒಮ್ಮೆಯೂ ಎಚ್ಚರಿಕೆ ತಗೊಂಡವರಲ್ಲ.

ಶುರುವಿನಲ್ಲೇ ಪವಿತ್ರ ಆ ಎತ್ತರದ ಹುಡುಗಿಯನ್ನು ಸೊಂಟದ ಮೇಲಿಂದ ಹಾಯಿಸಿ ಕೆಡವಿದಳು. ಪೂರ್ತಿ ಬೆನ್ನು ತಾಗಲಿಲ್ಲ, ಅರ್ಧ ಪಾಯಿಂಟು. ಸಾಕಿತ್ತು. ಉಳಿದ ಸಮಯ ಕಳೆದರೆ ಅವಳದೇ ಗೆಲುವು. ಗೋಡೆಯ ಮೇಲೆ ಕೆಂಪು ಅಂಕಿಯ ಗಡಿಯಾರ ಕೆಳಗಿಳಿಯುತ್ತಿತ್ತು. ನಾನು ಆಟ ನೋಡುವುದನ್ನು ಬಿಟ್ಟು ಅದನ್ನೇ ನೋಡುತ್ತಿದ್ದೆ. ಇನ್ನೇನು ಮುಗಿಯಿತು ಅನ್ನುವಾಗ ಇಬ್ಬರೂ ನೆಲಕ್ಕೆ ಬಿದ್ದರು. ಎದ್ದು ದೂರ ಸರಿಯುವ ಬದಲು ಪವಿತ್ರ ಮೇಲೆ ಬಿದ್ದು ಹಿಡಿಯಲು ಹೋದಳು. ಕೆಳಗಿದ್ದವಳು ಕಾಲೆತ್ತಿ ಹೊರಳಿದಳು. ಪವಿತ್ರಳ ಬಲಗೈ ಅವಳ ತೊಡೆಗಳ ನಡುವೆ ಸಿಕ್ಕಿಕೊಂಡಿತು.

ತೋಳು ನೆಟ್ಟಗಾಯಿತು. ಆಮೇಲೆ ನೆಟ್ಟಗಿರುವುದಕ್ಕಿಂತ ಸ್ವಲ್ಪ ಹೆಚ್ಚಾಯಿತು.

ಗುಬ್ಬಿಯಿಂದ ಬಂದಿದ್ದ ನಾವಷ್ಟೂ ಜನ ಎದ್ದು ನಿಂತೆವು. "ತಡ್ಕೊಳೇ! ಮುಗೀತು! ತಡ್ಕೋ!" ನಾನೂ ಕೂಗಿದೆ. ಗಡಿಯಾರದಲ್ಲಿ ಉಳಿದಿದ್ದದ್ದು ಒಂದು ಸೀನು ಸೀನುವಷ್ಟು ಹೊತ್ತು. ಅವಳು ಹಲ್ಲು ಕಚ್ಚಿ, ಕಣ್ಣು ಗೋಡೆಯ ಕಡೆಗೇ ನೆಟ್ಟು ಮಲಗಿದ್ದಳು. ತಟ್ಟುವ ಲಕ್ಷಣವೇ ಇರಲಿಲ್ಲ.

"ತಟ್ಟು!"

ಅಷ್ಟು ಗದ್ದಲದಲ್ಲೂ ಅದು ಸ್ಪಷ್ಟವಾಗಿ ಕೇಳಿಸಿತು. ಪವಿತ್ರಳ ಎಡಗೈ ಎದ್ದು, ಪಟ್ ಪಟ್ ಎಂದು ಎರಡು ಸಲ ಮ್ಯಾಟಿಗೆ ಬಡಿಯಿತು. ಗೋಡೌನಿನಲ್ಲಿ ದಿನಾ ಬಡಿದ ಹಾಗೆಯೇ. ರೆಫ್ರಿ ಬಿಡಿಸಿದ. ಎತ್ತರದ ಹುಡುಗಿಯ ಕಡೆಗೆ ಕೈ ಎತ್ತಿ ತೋರಿಸಿದ. ಎದುರು ಕಡೆಯವರು ಕೇಕೆ ಹಾಕಿದರು.

ರೆಫ್ರಿ ಮೇಷ್ಟ್ರ ಕಡೆ ತಿರುಗಿ, ಹೊರಗೆ ಹೋಗಿ ಎಂದು ಕೈ ತೋರಿಸಿದ. ಅವರು ಎದ್ದು, ಮ್ಯಾಟಿಗೆ ಬಗ್ಗಿ ನಮಸ್ಕಾರ ಮಾಡಿ, ಕುರ್ಚಿಯನ್ನು ತಾವೇ ಮಡಚಿ ಗೋಡೆಗೆ ಒರಗಿಸಿದರು. ಪವಿತ್ರ ಅಲ್ಲೇ ಮಂಡಿಯೂರಿ ತನ್ನ ಎಡಗೈಯನ್ನು ಬೇರೆ ಯಾರದೋ ಕೈ ಎನ್ನುವ ಹಾಗೆ ನೋಡುತ್ತಿದ್ದಳು. ಹೊರಗೆ ಬಂದಾಗ ಮೇಷ್ಟ್ರು ಅವಳ ಬಲ ಮೊಣಕೈ ಮುಟ್ಟಿ ನೋಡಲು ಹೋದರು. ಅವಳು ಹಿಂದೆ ಸರಿದಳು.

"ಕೈ ನಂದು ಸಾರ್. ತಟ್ಟಿದ್ದು ನೀವು."

ಅಷ್ಟು ಹೇಳಿ ತಾಯಿಯ ಜೊತೆ ಬಸ್ ಸ್ಟ್ಯಾಂಡಿಗೆ ಹೋದಳು. ಪದಕ ತಗೊಳ್ಳಲೂ ನಿಲ್ಲಲಿಲ್ಲ.

ಮೇಷ್ಟ್ರನ್ನು ಗುಬ್ಬಿಗೆ ನಾನೇ ಬಿಟ್ಟೆ. ಹೆಗ್ಗೆರೆ ದಾಟುವವರೆಗೂ ತಡೆದುಕೊಂಡೆ, ಆಮೇಲೆ ಆಗಲಿಲ್ಲ.

"ಮೇಷ್ಟ್ರೇ, ಅಷ್ಟೇ ಇತ್ತಲ್ಲ. ಗಡಿಯಾರ ನೋಡ್ಲಿಲ್ವಾ?"

"ನೋಡ್ಲಿಲ್ಲ."

"ನೋಡಿದ್ರೆ?"

ರೈಲ್ವೆ ಗೇಟಿನಲ್ಲಿ ಗಾಡಿ ನಿಂತಿತ್ತು. ಗೂಡ್ಸ್ ಗಾಡಿ ಪೂರ್ತಿ ಹೋದ ಮೇಲೆ ಅವರು ಹೇಳಿದರು: "ಅದಕ್ಕೇ ನೋಡಲ್ಲ."

ಯಾರೋ ಮೊಬೈಲಿನಲ್ಲಿ ತೆಗೆದ ವಿಡಿಯೋ ಗುಬ್ಬಿಯಲ್ಲೆಲ್ಲ ಓಡಾಡಿತು. ಟೀ ಅಂಗಡಿಯಲ್ಲಿ ನಿಂತು, ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದರು. "ಕೋಚೇ ಸೋಲ್ಸವ್ನೆ ಕಣ್ಲಾ" ಎಂದು ಒಬ್ಬ, "ದುಡ್ಡು ಗಿಡ್ಡು ಏನಾದ್ರೂ..." ಎಂದು ಇನ್ನೊಬ್ಬ. ನಾನು ಅದನ್ನು ಕುಣಿಗಲ್ಲಿಗೆ ತಗೊಂಡು ಹೋಗಿ ಸಿದ್ದಪ್ಪನವರಿಗೆ ತೋರಿಸಿದೆ. ಈ ವಿಷಯದಲ್ಲಿ ತೀರ್ಪು ಕೊಡಲು ಅವರಿಗಿಂತ ಹಕ್ಕುದಾರರು ಯಾರು? ಅವರು ಎರಡು ಸಲ ನೋಡಿ ಫೋನು ವಾಪಸ್ ಕೊಟ್ಟರು.

"ಮುರೀತಿತ್ತಾ ಸಿದ್ದಪ್ನೋರೇ?"

"ಯಾವನಿಗೆ ಗೊತ್ತು ಬುಡಿ. ನಂದೂ ಮುರಿಯೋಗಂಟ ನಂಗೇ ಗೊತ್ತಿರ್ಲಿಲ್ಲ."

ಜಗಳ ಬಿಡಿಸುವುದರಲ್ಲಿ ನನಗೊಂದು ಹೆಸರಿದೆ. ಅಣ್ಣತಮ್ಮಂದಿರ ಪಾಲು, ಬಾಡಿಗೆಯ ತಕರಾರು ಎಷ್ಟೋ ಕೂರಿಸಿ ಮುಗಿಸಿದ್ದೇನೆ. ಇದನ್ನೂ ಮುಗಿಸುತ್ತೇನೆ ಅಂದುಕೊಂಡೆ. ದಾರಿ ಮೇಷ್ಟ್ರೇ ಕೊಟ್ಟರು. ಅವಳ ತಾಯತ ಅವರ ಜೇಬಿನಲ್ಲೇ ಉಳಿದಿತ್ತು. "ನೀವು ಆ ಕಡೆ ಹೋಗ್ತೀರಲ್ಲ, ತಲುಪಿಸ್ಬಿಡಿ" ಎಂದರು. ಅಷ್ಟರಲ್ಲಿ ಅವಳು ವಸಂತನರಸಾಪುರದಲ್ಲಿ ಒಂದು ಫ್ಯಾಕ್ಟರಿಯ ಪ್ಯಾಕಿಂಗ್ ಸೆಕ್ಷನ್ನಿಗೆ ಸೇರಿದ್ದಳು. ಶಿಫ್ಟು ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತೆ. ತಲೆಗೆ ಹಾಕಿದ್ದ ಬಿಳಿ ಟೋಪಿ ತೆಗೆಯುತ್ತ ಬಂದಳು. ತಾಯತ ಕೊಟ್ಟೆ. ನೋಡಿ ಟಿಫನ್ ಬ್ಯಾಗಿಗೆ ಹಾಕಿಕೊಂಡಳು.

"ಒಂದ್ಸಲ ಬಂದು ಮಾತಾಡ್ಸಮ್ಮ. ನಿನ್ ಕೈ ಉಳಿಸವ್ರೆ."

"ಹೌದಣ್ಣ. ಕೈ ಚೆನ್ನಾಗೈತೆ. ಅದ್ರಲ್ಲೇ ಡಬ್ಬ ತುಂಬ್ತಿದೀನಿ."

ವ್ಯಾನು ಹಾರ್ನ್ ಹೊಡೆಯಿತು. ಹತ್ತಿ ಹೋದಳು.

ಆಮೇಲೆ ಮೇಷ್ಟ್ರು ಒಂದು ಕೆಲಸ ಮಾಡಿದರು. ಅದೇ ನನಗೆ ಎಲ್ಲಕ್ಕಿಂತ ಬೇಜಾರು. "ತಟ್ಟು" ಎನ್ನುವುದನ್ನು ನಿಲ್ಲಿಸಿಬಿಟ್ಟರು. ಪಾಠದ ಕೊನೆಯಲ್ಲಿ ಮಕ್ಕಳನ್ನು ಮಲಗಿಸಿ, ಪಟ್ಟು ಹಾಕಿಸಿ, "ನಿಮಗೆ ಯಾವಾಗ ಸಾಕು ಅನ್ಸುತ್ತೋ ಆವಾಗ ತಟ್ಟಿ" ಎಂದು ಸುಮ್ಮನೆ ನಿಲ್ಲುತ್ತಿದ್ದರು. ಯಾಕೆ ಸಾರ್ ಎಂದರೆ, "ಕೈ ಅವರ್ದು" ಎನ್ನುತ್ತಿದ್ದರು. ಮಕ್ಕಳು ಮಕ್ಕಳೇ. ಯಾರು ಹೆಚ್ಚು ಹೊತ್ತು ತಡೆಯುತ್ತಾರೆ ಎಂದು ಪಂದ್ಯ ಕಟ್ಟಿಕೊಳ್ಳತೊಡಗಿದರು. ಒಂದು ದಿನ ಒಬ್ಬ ಹುಡುಗನ ಮೊಣಕೈ ಉಳುಕಿತು. ಮುರಿಯಲಿಲ್ಲ, ಉಳುಕಿತು ಅಷ್ಟೇ. ಅವನ ಮಾವ ಗೋಡೌನಿನ ಬಾಗಿಲಲ್ಲಿ ನಿಂತು ಕೂಗಾಡಿದ: "ಅವತ್ತು ಬಾಯ್ ಬುಡ್ಬೇಡ ಅಂದಾಗ ಬುಟ್ಟೆ, ಇವತ್ತು ಬುಡ್ಬೇಕಾದಾಗ ಬಾಯಲ್ಲೇನ್ ಕಡುಬಿಟ್ಕೊಂಡಿದ್ಯಾ?" ಮೇಷ್ಟ್ರು ತಲೆ ತಗ್ಗಿಸಿ ಕೇಳಿಸಿಕೊಂಡರು. ಅವನು ಹೇಳಿದ್ದು ತಪ್ಪು ಎಂದು ಅವರಿಗೆ ಅನ್ನಿಸಿತೋ ಇಲ್ಲವೋ, ಗೊತ್ತಿಲ್ಲ.

ಮಕ್ಕಳು ಒಬ್ಬೊಬ್ಬರೇ ಬಿಟ್ಟರು. ಕೂಟಗಳಿಗೆ ಒಂದಿಬ್ಬರನ್ನು ಕರೆದುಕೊಂಡು ಹೋದರೂ ಕೋಚ್ ಕುರ್ಚಿಯಲ್ಲಿ ಬೇರೆ ಯಾರನ್ನಾದರೂ ಕೂರಿಸಿ, ತಾವು ಹಿಂದೆ, ಬಾಗಿಲ ಹತ್ತಿರ ನಿಲ್ಲುತ್ತಿದ್ದರು. ನಾನು ಬಿಟ್ಟಿ ಉಪದೇಶ ಮಾಡಿದೆ. ತುಮಕೂರಿನಲ್ಲಿ ಯಾವುದಾದರೂ ಅಪಾರ್ಟ್‌ಮೆಂಟಿನಲ್ಲಿ ಬೇಸಿಗೆ ಶಿಬಿರ ಮಾಡಿ, ಬೋರ್ಡು ನಾನು ಬರೆಸುತ್ತೇನೆ ಎಂದೆ. "ಹೂಂ" ಎಂದರು.

ಆಮೇಲೆ ಅವರ ಕಿಡ್ನಿ ಹೋಯಿತು. ವಾರಕ್ಕೆ ಎರಡು ಸಲ ತುಮಕೂರಿನ ಆಸ್ಪತ್ರೆಗೆ ಡಯಾಲಿಸಿಸ್ಸಿಗೆ ಬರುತ್ತಿದ್ದರು. ಸೂಜಿ ಚುಚ್ಚಿದ ತೋಳನ್ನು ಅಲುಗಿಸದೆ ಚಾಚಿ ಮಲಗಿರುತ್ತಿದ್ದರು. ಅಂಗಡಿ ಹತ್ತಿರವೇ ಆದ್ದರಿಂದ ಹೋಗಿ ಕೂರುತ್ತಿದ್ದೆ. ಕತ್ತಿನ ದಾರ ಇತ್ತು, ಕಟರ್ ಇತ್ತು. ನನ್ನ ಕೈ ನೋಡುತ್ತಿದ್ದರು, ಉಗುರು ಸರಿಯಿದ್ದರೆ ಕಣ್ಣು ಮುಚ್ಚುತ್ತಿದ್ದರು. ಪ್ರತಿ ಸಲವೂ ಒಂದೇ ಪ್ರಶ್ನೆ:

"ವಸಂತನರಸಾಪುರದ ಕಡೆ ಹೋಗಿದ್ರಾ?"

"ಹೋಗಿದ್ದೆ ಸಾರ್."

"ಹೂಂ."

ಮಣ್ಣು ಮಾಡಿದ ದಿನ ಜನ ಕಡಿಮೆ. ಹಳೆಯ ಶಿಷ್ಯರು ನಾಲ್ಕೈದು ಮಂದಿ ಬಂದಿದ್ದರು. ಹಣೆಗೆ ವಿಭೂತಿ ಹಚ್ಚಿ ಕೂರಿಸಿದ್ದ ದೇಹದ ಮುಂದೆ ಸಾಲಾಗಿ ನಿಂತು, ಕೈಯನ್ನು ತೊಡೆಗೆ ಅಂಟಿಸಿ, ಸೊಂಟದಿಂದ ಬಗ್ಗಿದರು. ನೆಂಟರಿಗೆ ಇದೇನೆಂದು ತಿಳಿಯಲಿಲ್ಲ. "ಕಾಲ್ ಮುಟ್ರಪ್ಪಾ" ಎಂದು ಒಬ್ಬ ಅಜ್ಜಿ ಗದರಿದಳು. ಪವಿತ್ರ ಬರಲಿಲ್ಲ. ಸಿದ್ದಪ್ಪ ಕುಣಿಗಲ್ಲಿಂದ ಬಂದಿದ್ದರು. ಗುಂಡಿಯ ಅಂಚಿನಲ್ಲಿ ನಿಂತು, ಬಲಗೈಯಲ್ಲೇ ಹಾಕಬೇಕೆಂದು ಹಟ ಮಾಡಿ ಒಂದು ಹಿಡಿ ಮಣ್ಣು ತಗೊಂಡರು. ಕೈ ಚಾಚಲು ಆಗಲಿಲ್ಲ, ಮಣ್ಣು ಅವರ ಕಾಲ ಮೇಲೇ ಬಿತ್ತು. ಇನ್ನೊಂದು ಹಿಡಿ ತಗೊಂಡು, ಮೈಯನ್ನೇ ಬಗ್ಗಿಸಿ ಹಾಕಿದರು.

"ಭಾನುವಾರ ಇನ್ಮೇಲೆ ಮೂಟೆ ಯಾವನ್ಲಾ ಇಳಿಸ್ತಾನೆ, ಕೈಮುರುಕ" ಎಂದರು. ಬೈದ ಹಾಗಿತ್ತು.

ಗೋಡೌನು ಈಗ ಟೈಲ್ಸ್ ಇಡುವ ಜಾಗ. ಮ್ಯಾಟುಗಳು ಗುಜರಿಗೆ ಹೋದವು. ಅದರಲ್ಲಿ ಒಂದನ್ನು ನಾನು ಕೊಂಡದ್ದು ಹೇಳಿದೆನಲ್ಲ. ಹಿರೇಹಳ್ಳಿಯ ಶೆಡ್ಡಿನಲ್ಲಿ ಅಂಚು ಹೊಲಿಸಿ, ಇಲಿ ಕಡಿದ ಮೂಲೆಗೆ ತೇಪೆ ಹಾಕಿಸಿ, ಪವಿತ್ರಳ ಮನೆಗೆ ತಗೊಂಡು ಹೋದೆ. ಅವಳಿಗೀಗ ಮದುವೆಯಾಗಿದೆ, ಶೀಟಿನ ಮನೆ, ಮಗು ಗೋಡೆ ಹಿಡಿದು ನಡೆಯುತ್ತದೆ. ರಜದ ದಿನ, ಬಟ್ಟೆ ಒಗೆಯುತ್ತಿದ್ದಳು. ನಾನು ಮ್ಯಾಟನ್ನು ತಲೆಯ ಮೇಲಿಂದ ಇಳಿಸಿದೆ. ಅವಳು ನೋಡಿದಳು. ಯಾವುದು ಅಂತ ಕೇಳಲಿಲ್ಲ.

"ಹೊಲಿಗೆ ಈಗ ಪರ್ವಾಗಿಲ್ಲ" ಎಂದಳು. ಕೈಯಲ್ಲಿದ್ದ ಬಟ್ಟೆ ಹಿಂಡಿಟ್ಟು, "ಕೊನೇಲಿ ಏನಾದ್ರೂ ಅಂದ್ರಾ ಅಣ್ಣ?"

ಒಂದು ಒಳ್ಳೆಯ ಮಾತನ್ನು ನಾನೇ ಹುಟ್ಟಿಸಿ ಹೇಳಬಹುದಿತ್ತು. ಬಾಯಿಯ ತುದಿಗೆ ಬಂದಿತ್ತು ಕೂಡ. ಆದರೆ ಆ ಮನುಷ್ಯನ ಹೆಸರಿನಲ್ಲಿ ಸುಳ್ಳು ಮಾಲು ಮಾರಲು ಮನಸ್ಸಾಗಲಿಲ್ಲ.

"ವಸಂತನರಸಾಪುರದ ಕಡೆ ಹೋಗಿದ್ರಾ ಅಂತ ಕೇಳ್ತಿದ್ರು."

"ಅಷ್ಟೇನಾ?"

"ಅಷ್ಟೇ. ಪ್ರತೀ ಸಲ."

ಅವಳು ಒದ್ದೆ ಕೈಯನ್ನು ನೈಟಿಗೆ ಒರೆಸಿಕೊಂಡಳು. ಬಲ ತೋಳನ್ನು ಪೂರ್ತಿ ಚಾಚಿ ತಂತಿಯ ಮೇಲೆ ಒಂದು ಶರ್ಟು ಒಣಹಾಕಿದಳು. ಕೊನೆಗೆ ನನ್ನ ಕಡೆ ತಿರುಗದೆ, "ಇಟ್ಟೋಗಿ ಅಣ್ಣ" ಎಂದಳು. ವ್ಯಾಪಾರದಲ್ಲಿ 'ಇಟ್ಟೋಗಿ' ಅಂದರೆ ಕುದುರಿತು ಅಂತಲ್ಲ, ಮುರಿಯಲಿಲ್ಲ ಅಂತ. ಗೋಡೆಗೆ ಒರಗಿಸಿ ಬಂದೆ.

ಮಕ್ಕಳನ್ನು ಇಂಥ ಆಟಕ್ಕೆ ಕಳಿಸುವವರಿಗೆ ನಾನು ಹೇಳುವುದಿಷ್ಟು. ಮ್ಯಾಟ್ ಕೊಳ್ಳುವುದಿದ್ದರೆ ಮೆತ್ತಗಿದೆಯಾ ಅಂತ ನೋಡಬೇಡಿ, ಚಪ್ಪಲಿ ಬಿಟ್ಟು ಮೇಲೆ ನಿಂತು ನೋಡಿ, ಕಾಲು ಹೂತರೆ ಬೇಡ. ಮೂರೇ ತಿಂಗಳಿಗೆ ಬೆಲ್ಟು ಕೊಡುವವರ ಹತ್ತಿರ ಹೋಗಬೇಡಿ. ಸೋಲನ್ನು ಹೇಗೆ ಒಪ್ಪಿಕೊಳ್ಳುವುದು ಅಂತ ಮೊದಲು ಹೇಳಿಕೊಡುವವರು ಸಿಕ್ಕರೆ ಫೀಸಿನಲ್ಲಿ ಚೌಕಾಸಿ ಬೇಡ, ನಾನೇ ಹೇಳುತ್ತಿದ್ದೇನೆ. ಉಗುರು ನೀವೇ ಕತ್ತರಿಸಿ ಕಳಿಸಿ. ತಾಯತ ಮನೆಯಲ್ಲೇ ಬಿಚ್ಚಿಡಿ. ಮತ್ತೆ ಪಂದ್ಯದ ದಿನ ಬೇಗ ಹೋಗಿ, ಗಡಿಯಾರ ಯಾವ ಗೋಡೆಯ ಮೇಲಿದೆ ಅಂತ ಮೊದಲು ನೋಡಿಕೊಳ್ಳಿ. ಅದಕ್ಕೆ ಬೆನ್ನು ಮಾಡಿ ಕೂತುಕೊಳ್ಳಿ.